ಗುಲ್ಬರ್ಗಾ ಧರ್ಮಪ್ರಾಂತ್ಯ: ನಾಡಿನ ಗಡಿ ಬದಲಾದದ್ದು 1956ರಲ್ಲಿ, ಧರ್ಮಸಭೆಯ ಗಡಿ 2005ರಲ್ಲಿ

ಗುಲ್ಬರ್ಗಾ ಧರ್ಮಪ್ರಾಂತ್ಯವು ಕರ್ನಾಟಕದ ಈಶಾನ್ಯ ಭಾಗದಲ್ಲಿರುವ ಲ್ಯಾಟಿನ್ ವಿಧಿಯ ಕಥೊಲಿಕ ಧರ್ಮಪ್ರಾಂತ್ಯ. ಸ್ನಾನಿಕ ಯೊವಾನ್ನರ ಜನನೋತ್ಸವದ ದಿನವಾದ 2005ರ ಜೂನ್ 24ರಂದು ಜಗದ್ಗುರು ಪೋಪ್ 16ನೇ ಬೆನೆಡಿಕ್ಟ್ ಅವರು ಇದನ್ನು ಸ್ಥಾಪಿಸಿದರು. ಹೈದರಾಬಾದ್ ಮಹಾಧರ್ಮಪ್ರಾಂತ್ಯದಲ್ಲಿದ್ದ ಗುಲ್ಬರ್ಗಾ ಮತ್ತು ಬೀದರ್ ಜಿಲ್ಲೆಗಳನ್ನೂ ಬೆಳಗಾವಿ ಧರ್ಮಪ್ರಾಂತ್ಯದಲ್ಲಿದ್ದ ಬಿಜಾಪುರ ಜಿಲ್ಲೆಯನ್ನೂ ಕೂಡಿಸಿ ಇದನ್ನು ರಚಿಸಲಾಯಿತು. ಮಂಗಳೂರು ಧರ್ಮಪ್ರಾಂತ್ಯದ ಗುರುಗಳಾಗಿದ್ದ ಅತಿ ವಂದನೀಯ ರಾಬರ್ಟ್ ಮೈಕಲ್ ಮಿರಾಂದ ಅವರು ಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಧರ್ಮಾಧ್ಯಕ್ಷರ ಪೀಠ ಕಲಬುರಗಿ ನಗರದಲ್ಲಿದೆ. ಪ್ರಧಾನಾಲಯವು ದೈವಕೃಪೆಯ ಮಾತೆ ಮರಿಯಮ್ಮನವರಿಗೆ ಸಮರ್ಪಿತವಾಗಿದೆ.

2009ರ ಕೊನೆಗೆ ಗುಲ್ಬರ್ಗಾ ಜಿಲ್ಲೆಯಿಂದ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಗುಲ್ಬರ್ಗಾ ನಗರ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಧರ್ಮಪ್ರಾಂತ್ಯ ಮಾತ್ರ ಸ್ಥಾಪನೆಯ ದಿನದ ಹೆಸರನ್ನೇ ಉಳಿಸಿಕೊಂಡಿದೆ. 2011ರ ಜನಗಣತಿಯಂತೆ ಈ ನಾಲ್ಕು ಜಿಲ್ಲೆಗಳ ಒಟ್ಟು ಜನಸಂಖ್ಯೆ 76 ಲಕ್ಷ. ಇವರಲ್ಲಿ ಕಥೊಲಿಕರು ಕೆಲವೇ ಸಾವಿರ.

ಕರಾವಳಿಯ ಓದುಗರಿಗೆ ಈ ಧರ್ಮಪ್ರಾಂತ್ಯ ತೀರಾ ಹೊಸದೆಂದು ತೋರಬಹುದು. ಆದರೆ ಇದರ ಹಿಂದಿನ ಕಥೆ ಸುಮಾರು ನಾಲ್ಕು ಶತಮಾನಗಳಷ್ಟು ಹಳೆಯದು, ಮತ್ತು ನಮ್ಮ ಮಂಗಳೂರಿನ ಚರಿತ್ರೆಯೊಡನೆ ಒಂದಕ್ಕಿಂತ ಹೆಚ್ಚು ಕಡೆ ಹೆಣೆದುಕೊಂಡಿದೆ. ಆ ಕಥೆಯನ್ನು, ವಿಶೇಷವಾಗಿ ಧರ್ಮಪ್ರಾಂತ್ಯದ ಪೂರ್ವ ಅಂಚಿನಲ್ಲಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳನ್ನು ಮುಂದಿಟ್ಟುಕೊಂಡು, ಇಲ್ಲಿ ನೋಡೋಣ.

ಆದಿಲಶಾಹಿ ನಾಡಿನ ಧರ್ಮಾಧ್ಯಕ್ಷರು

ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಬಿಜಾಪುರ ಆದಿಲಶಾಹಿ ಸುಲ್ತಾನರ ರಾಜಧಾನಿಯಾಗಿತ್ತು. ಕಲಬುರಗಿ ಅವರ ಕೈಯಲ್ಲಿತ್ತು. 1619ರಲ್ಲಿ ಬೀದರ್ ಕೂಡ ಅವರ ವಶವಾಯಿತು. ಪಕ್ಕದ ಗೋವೆಯಲ್ಲಿ ಪೋರ್ಚುಗೀಸರಿದ್ದರು. ಎರಡೂ ಕಡೆಯವರ ನಡುವೆ ಯುದ್ಧಗಳು ನಡೆದಂತೆಯೇ ಮಾತುಕತೆಗಳೂ ನಡೆದವು. 1561ರಲ್ಲಿ ಒಂದನೇ ಅಲಿ ಆದಿಲಶಾಹನು ಕ್ರೈಸ್ತ ಧರ್ಮದ ಬಗ್ಗೆ ತಿಳಿಯಲು ಬಯಸಿದಾಗ ಗೋವೆಯಿಂದ ಧರ್ಮಗುರುಗಳು ಬಿಜಾಪುರದ ಆಸ್ಥಾನಕ್ಕೆ ಬಂದಿದ್ದರು. ಇಂದು ಬಳ್ಳಾರಿ ಧರ್ಮಪ್ರಾಂತ್ಯದಲ್ಲಿರುವ ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೊಲಿಕರೂ ತಮ್ಮ ವಿಶ್ವಾಸದ ಬೇರನ್ನು ಆದಿಲಶಾಹಿ ಕಾಲದಲ್ಲೇ ಗುರುತಿಸುತ್ತಾರೆ.

ಈ ನಾಡಿನ ಹೆಸರಿನಲ್ಲಿ ಧರ್ಮಾಧ್ಯಕ್ಷರೊಬ್ಬರು ನೇಮಕಗೊಂಡದ್ದು 1637ರಲ್ಲಿ. ಗೋವೆಯ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮತೆಯುಸ್ ದೆ ಕಾಸ್ತ್ರೊ ಅವರಿಗೆ ಗೋವೆಯಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಸ್ಥಳೀಯರನ್ನು ಉನ್ನತ ಸ್ಥಾನಗಳಿಗೆ ಬಿಟ್ಟುಕೊಳ್ಳಲು ಅಂದಿನ ಪೋರ್ಚುಗೀಸ್ ಆಡಳಿತಕ್ಕೆ ಮನಸ್ಸಿರಲಿಲ್ಲ. ಅವರು ರೋಮಿಗೆ ಹೋಗಿ, ಅಲ್ಲಿ ಓದಿ, 1630ರಲ್ಲಿ ಗುರುವಾದರು. ಏಳು ವರ್ಷಗಳ ಬಳಿಕ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಲ್ಯಾಟಿನ್ ವಿಧಿಯಲ್ಲಿ ಭಾರತೀಯ ಮೂಲದ ಮೊದಲ ಧರ್ಮಾಧ್ಯಕ್ಷರು ಅವರೇ. ಅವರಿಗೆ ವಹಿಸಿದ ಕ್ಷೇತ್ರದ ಹೆಸರು 'ಇದಲ್ಕಾನ್'. ಆದಿಲ್ ಖಾನ್ ಎಂಬುದನ್ನು ಯುರೋಪಿನವರು ಉಚ್ಚರಿಸುತ್ತಿದ್ದ ರೀತಿ ಇದು. ಪೋಪರ ಪರವಾಗಿ ಮಿಷನ್ ಪ್ರದೇಶವೊಂದನ್ನು ನೋಡಿಕೊಳ್ಳುವ ಇಂತಹ ಧರ್ಮಾಧ್ಯಕ್ಷರನ್ನು ಅಪೊಸ್ತಲಿಕ ವಿಕಾರರು ಎನ್ನುತ್ತಾರೆ.

ಕಾಸ್ತ್ರೊ ಅವರು ನೆಲೆಸಿದ್ದು ಬಿಜಾಪುರದಲ್ಲಿ ಅಲ್ಲ, ಗೋವೆಯ ಅಂಚಿನಲ್ಲಿದ್ದು ಆಗ ಆದಿಲಶಾಹಿಗೆ ಸೇರಿದ್ದ ಬಿಚೋಲಿಯಲ್ಲಿ. ಪೋರ್ಚುಗೀಸ್ ಅಧಿಕಾರಿಗಳೊಡನೆ ಅವರ ಸಂಘರ್ಷ ಕೊನೆಯವರೆಗೂ ನಿಲ್ಲಲಿಲ್ಲ. ಅವರು ರೋಮಿನಲ್ಲೇ ಕಣ್ಣು ಮುಚ್ಚಿದರು. ಕುಸ್ತೋದಿಯೊ ದೆ ಪಿನ್ಹೊ ಅವರು ಬಿಜಾಪುರ ಮತ್ತು ಗೋಲ್ಕೊಂಡಾಗಳ ಹೊಣೆ ಹೊತ್ತರು. ಕಾಸ್ತ್ರೊ ಅವರ ಸೋದರ ಸಂಬಂಧದ ಮಗ ಥೋಮಸ್ ದೆ ಕಾಸ್ತ್ರೊ 1674ರಲ್ಲಿ ಕೆನರಾದ ಅಪೊಸ್ತಲಿಕ ವಿಕಾರರಾಗಿ ಮಂಗಳೂರಿನ ಚರಿತ್ರೆಗೆ ಸೇರಿದರು. ಒಂದೇ ಮನೆತನದ ಇಬ್ಬರು, ಒಬ್ಬರು ಘಟ್ಟದ ಮೇಲಿನ ಸುಲ್ತಾನರ ನಾಡಿಗೆ, ಇನ್ನೊಬ್ಬರು ಕರಾವಳಿಗೆ.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು, ಮರುವರ್ಷ ಗೋಲ್ಕೊಂಡಾ. ಹಳೆಯ ರಾಜ್ಯಗಳ ಹೆಸರಿನಲ್ಲಿದ್ದ ಧಾರ್ಮಿಕ ವಿಭಾಗವೂ ಕ್ರಮೇಣ ಮರೆಯಾಯಿತು. ಆದರೂ ಒಂದು ಮಾತು ಗಮನಾರ್ಹ. 2005ರಲ್ಲಿ ಒಂದುಗೂಡಿದ ಬಿಜಾಪುರ, ಗುಲ್ಬರ್ಗಾ, ಬೀದರ್ ಮೂರೂ ಒಂದು ಕಾಲದಲ್ಲಿ ಆದಿಲಶಾಹಿ ರಾಜ್ಯದ ಭಾಗಗಳೇ ಆಗಿದ್ದವು. ನಡುವಿನ ಕಾಲದಲ್ಲಿ ಅವು ಬೇರೆ ಬೇರೆ ಧರ್ಮಾಧ್ಯಕ್ಷರ ಕೈ ಸೇರಿದ್ದವು.

ನಿಜಾಮರ ರಾಜ್ಯ, ಮಿಲಾನಿನ ಗುರುಗಳು

ಹದಿನೆಂಟನೆಯ ಶತಮಾನದಲ್ಲಿ ಕಲಬುರಗಿ ಮತ್ತು ಬೀದರ್ ನಿಜಾಮರ ಹೈದರಾಬಾದ್ ರಾಜ್ಯಕ್ಕೆ ಸೇರಿದವು. ಬಿಜಾಪುರ ಮುಂದೆ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಧರ್ಮಸಭೆಯ ಆಡಳಿತವೂ ಇದೇ ಗೆರೆಯನ್ನು ಅನುಸರಿಸಿತು. ಬಿಜಾಪುರ ಪುಣೆಯ ಕಡೆಗೆ, ಕಲಬುರಗಿ-ಬೀದರ್ ಹೈದರಾಬಾದಿನ ಕಡೆಗೆ.

ಹೈದರಾಬಾದಿನ ಮಿಷನ್ ಮೊದಲು ಮದ್ರಾಸಿನ ಅಧೀನದಲ್ಲಿತ್ತು. ಸಿಕಂದರಾಬಾದಿನ ದಂಡು ಪ್ರದೇಶದ ಸೈನಿಕರು ಮತ್ತು ಅವರ ಕುಟುಂಬಗಳೇ ಅಲ್ಲಿನ ದೊಡ್ಡ ಸಭೆ. ಐರ್ಲೆಂಡಿನ ಡೇನಿಯಲ್ ಮರ್ಫಿ ಅವರು ಅದರ ಮುಖ್ಯಸ್ಥರಾಗಿದ್ದಾಗ, 1851ರಲ್ಲಿ, ಅದು ಪ್ರತ್ಯೇಕ ಅಪೊಸ್ತಲಿಕ ವಿಕಾರಿಯೇಟ್ ಆಯಿತು. 1850ರ ದಶಕದಲ್ಲಿ ಇಟಲಿಯ ಮಿಲಾನ್ ನಗರದ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಇಲ್ಲಿಗೆ ಬಂದರು. ಇಂದು ಪಿಮೆ ಎಂದು ಕರೆಯಲಾಗುವ ಸಂಸ್ಥೆ ಇದೇ. ಮರ್ಫಿ ಅವರು ಆಸ್ಟ್ರೇಲಿಯಾದ ಹೋಬಾರ್ಟಿಗೆ ಹೋದ ಮೇಲೆ ಮಿಷನ್ನಿನ ಹೊಣೆ ಇಟಲಿಯ ಗುರುಗಳದ್ದಾಯಿತು. ಬಾರ್ಬೆರೊ, ಕಪ್ರೊತ್ತಿ, ವಿಗಾನೊ, ವಿಸ್ಮಾರ, ಬೆರೆತ್ತ ಹೀಗೆ 1953ರವರೆಗೆ ಹೈದರಾಬಾದಿನ ಧರ್ಮಾಧ್ಯಕ್ಷರೆಲ್ಲ ಅದೇ ಸಂಸ್ಥೆಯಿಂದ ಬಂದವರು.

1886ರ ಸೆಪ್ಟೆಂಬರ್ 1ರಂದು ಪೋಪ್ 13ನೇ ಲಿಯೊ ಅವರು ಭಾರತದ ಧರ್ಮಾಡಳಿತ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಹೈದರಾಬಾದ್ ಧರ್ಮಪ್ರಾಂತ್ಯವಾಯಿತು. ಮಂಗಳೂರು ಧರ್ಮಪ್ರಾಂತ್ಯವಾದದ್ದೂ ಅದೇ ದಿನ. ಮಂಗಳೂರಿನಲ್ಲಿ ಯೇಸುಸಭೆಯ ಇಟಾಲಿಯನ್ ಗುರುಗಳು, ಹೈದರಾಬಾದಿನಲ್ಲಿ ಮಿಲಾನಿನವರು. ಎರಡರಲ್ಲೂ ಕನ್ನಡ ನಾಡಿನ ಭಾಗವಿತ್ತು. ಆದರೆ ಮಂಗಳೂರಿನಲ್ಲಿ ಶತಮಾನಗಳ ಹಿಂದೆಯೇ ಬೇರೂರಿದ ಕಥೊಲಿಕ ಸಮುದಾಯವಿತ್ತು. ಹೈದರಾಬಾದಿನ ವಿಸ್ತಾರವಾದ ಕ್ಷೇತ್ರದಲ್ಲಿ ಸಭೆ ಬೆಳೆದದ್ದು ಹೆಚ್ಚಾಗಿ ತೆಲುಗು ಜಿಲ್ಲೆಗಳಲ್ಲಿ. ಕೃಷ್ಣಾ, ಖಮ್ಮಂ, ವರಂಗಲ್ ಕಡೆ ಹಳ್ಳಿ ಹಳ್ಳಿಗಳಲ್ಲಿ ಕಥೊಲಿಕ ಕುಟುಂಬಗಳಿದ್ದರೆ ಕಲಬುರಗಿ, ಬೀದರ್ ಕಡೆ ಅವು ಬೆರಳೆಣಿಕೆಯಷ್ಟು. ಬೀದರ್ ಭಾಗದಲ್ಲಿ ಹಳ್ಳಿಗಳ ನಡುವೆ ಮೊದಲು ವ್ಯಾಪಕವಾಗಿ ದುಡಿದವರು ಮೆಥಡಿಸ್ಟ್ ಸಭೆಯವರು. ಇಂದಿಗೂ ಅಲ್ಲಿನ ಕ್ರೈಸ್ತರಲ್ಲಿ ಅವರೇ ಬಹುಸಂಖ್ಯಾತರು.

ರೈಲು ಹಳಿಯ ಮೇಲಿನ ಸಭೆ

ವಾಡಿ ಮತ್ತು ಶಹಾಬಾದಿಗೆ ಹೊರಗಿನ ಜನ ಬಂದದ್ದಕ್ಕೆ ಕಾರಣ ರೈಲು ಮತ್ತು ಕಲ್ಲು. 1871ರಲ್ಲಿ ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲ್ವೆ ಮಾರ್ಗ ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲ್ವೆ ಆರಂಭವಾಯಿತು. ಹೀಗೆ ವಾಡಿ ಜಂಕ್ಷನ್ ಆಯಿತು. ಆ ಕಾಲದ ರೈಲ್ವೆ ಜಂಕ್ಷನ್ ಎಂದರೆ ಡ್ರೈವರು, ಗಾರ್ಡು, ಫಿಟ್ಟರುಗಳ ಕಾಲೊನಿ. ಅಂತಹ ಕಾಲೊನಿಗಳಲ್ಲಿ ಆಂಗ್ಲೋ ಇಂಡಿಯನ್, ಗೋವೆ ಮತ್ತು ತಮಿಳು ಮೂಲದ ಕಥೊಲಿಕರು ಸಾಮಾನ್ಯವಾಗಿ ಇರುತ್ತಿದ್ದರು.

ವಾಡಿಯಿಂದ ಹೊರಟ ನಿಜಾಮರ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಸಿಕಂದರಾಬಾದ್ ಸೇರುತ್ತಿತ್ತು. ಈ ದಾರಿಯನ್ನು ಭೂಪಟದಲ್ಲಿ ಒಮ್ಮೆ ನೋಡಿದರೆ ಧರ್ಮಸಭೆಯ ಅಂದಿನ ಆಡಳಿತವೂ ಅರ್ಥವಾಗುತ್ತದೆ. ವಾಡಿಯಿಂದ ಹೈದರಾಬಾದಿಗೆ ಸುಮಾರು 190 ಕಿಲೊಮೀಟರ್, ನೇರ ರೈಲು. ಚಿತ್ತಾಪುರ, ಸೇಡಂ ಜನರಿಗೆ ಆಸ್ಪತ್ರೆ, ಕಚೇರಿ, ಸಂತೆ ಎಲ್ಲಕ್ಕೂ ಹೈದರಾಬಾದೇ ದೊಡ್ಡ ಊರು.

ಶಹಾಬಾದಿನ ಹೆಸರು ದೇಶದಲ್ಲೆಲ್ಲ ಹರಡಿದ್ದು ಅಲ್ಲಿನ ಹಾಸುಗಲ್ಲಿನಿಂದ. ಜನ ಅದನ್ನು ಫರ್ಸಿ ಎನ್ನುತ್ತಾರೆ. ಸುಣ್ಣಕಲ್ಲು ಹೇರಳವಾಗಿದ್ದುದರಿಂದ ಸಿಮೆಂಟ್ ಕಾರ್ಖಾನೆಯೂ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ರಚನೆಯಾದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಒಂದಾಗಿತ್ತು. 1960ರ ದಶಕದ ಕೊನೆಗೆ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಎದ್ದಿತು. ಮುಂದೆ ಸೇಡಂ ಮತ್ತು ಮಳಖೇಡದಲ್ಲೂ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಬಂದವು. ಕಾರ್ಖಾನೆ ಬಂದಲ್ಲಿ ಬೇರೆ ಬೇರೆ ರಾಜ್ಯಗಳ ನೌಕರರು ಬಂದರು, ಅವರ ಮಕ್ಕಳಿಗೆ ಶಾಲೆ ಬೇಕಾಯಿತು. ವಾಡಿಯ ಕಾನ್ವೆಂಟ್ ಶಾಲೆಗೆ ಸಂತ ಅಂಬ್ರೋಸರ ಹೆಸರಿದೆ. ಸಂತ ಅಂಬ್ರೋಸರು ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದವರು, ಆ ನಗರದ ಪಾಲಕ ಸಂತರು.

ಇಂತಹ ಸಭೆಗೆ ಒಂದು ಬಲ, ಒಂದು ದೌರ್ಬಲ್ಯ. ದೇವಾಲಯವಿಲ್ಲದ ಕಡೆಯಲ್ಲೂ ಭಾನುವಾರದ ಪೂಜೆಗೆ ಜನ ಕೂಡುತ್ತಾರೆ, ಅದು ಬಲ. ಆದರೆ ವರ್ಗಾವಣೆ ಅಥವಾ ನಿವೃತ್ತಿಯಾದಾಗ ಕುಟುಂಬ ಊರು ಬಿಡುತ್ತದೆ. ಕಾರ್ಖಾನೆ ಮುಚ್ಚಿದರೆ ಕಾಲೊನಿಯೇ ಖಾಲಿಯಾಗುತ್ತದೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಬಾಗಿಲು ಹಾಕಿದಾಗ ಊರಿಗೆ ಬಿದ್ದ ಹೊಡೆತವನ್ನು ಅಲ್ಲಿನ ಹಿರಿಯರು ಚೆನ್ನಾಗಿ ಬಲ್ಲರು.

ಚಿಂಚೋಳಿಯ ಕಥೆ ಬೇರೆ. ಅಲ್ಲಿಗೆ ರೈಲಿಲ್ಲ. ಕಾಡು, ತೊಗರಿ ಹೊಲ, ಲಂಬಾಣಿ ತಾಂಡಾಗಳು, ಆಚೆಗೆ ತೆಲಂಗಾಣದ ಗಡಿ. ಬೆಳೆ ಕೈಕೊಟ್ಟ ವರ್ಷ ಕೆಲಸ ಹುಡುಕಿ ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುವ ಕುಟುಂಬಗಳು ಈ ಕಡೆ ಬಹಳ. ಇಂತಹ ಊರಿನಲ್ಲಿ ಸೇವೆ ಎಂದರೆ ಕಾಲೊನಿಯ ಪೂಜೆಯಲ್ಲ. ತಾಂಡಾಕ್ಕೆ ನಡೆದು ಹೋಗುವುದು, ತಂದೆತಾಯಿ ವಲಸೆ ಹೋದಾಗ ಶಾಲೆ ಬಿಡುವ ಮಗುವನ್ನು ಉಳಿಸಿಕೊಳ್ಳುವುದು.

1956: ಗಡಿ ಸರಿಯಿತು, ಧರ್ಮಪ್ರಾಂತ್ಯ ಸರಿಯಲಿಲ್ಲ

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. 1953ರ ಸೆಪ್ಟೆಂಬರ್ 19ರಂದು ಧರ್ಮಸಭೆಯಲ್ಲಿ ದೊಡ್ಡ ಬದಲಾವಣೆಗಳಾದವು. ಬೆಂಗಳೂರು ಮಹಾಧರ್ಮಪ್ರಾಂತ್ಯವಾಯಿತು, ಹೈದರಾಬಾದ್ ಮಹಾಧರ್ಮಪ್ರಾಂತ್ಯವಾಯಿತು, ಬೆಳಗಾವಿ ಹೊಸ ಧರ್ಮಪ್ರಾಂತ್ಯವಾಯಿತು. ಬಿಜಾಪುರ ಬೆಳಗಾವಿಗೆ ಸೇರಿತು. ಆಗಿನ್ನೂ ಹೈದರಾಬಾದ್ ರಾಜ್ಯ ಇದ್ದುದರಿಂದ ಕಲಬುರಗಿ, ಬೀದರ್ ಹೈದರಾಬಾದಿನಲ್ಲೇ ಉಳಿದದ್ದು ಸಹಜವಾಗಿತ್ತು.

ಮೂರೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾದಾಗ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದರೆ ಅದೇ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಸೇಡಂ, ಚಿಂಚೋಳಿ ಹೀಗೆ ಗಡಿ ತಾಲೂಕುಗಳಾದವು. ನಿನ್ನೆಯವರೆಗೆ ಒಂದೇ ಜಿಲ್ಲೆಯಲ್ಲಿದ್ದ ನೆಂಟರು ಎರಡು ರಾಜ್ಯದವರಾದರು.

ಧರ್ಮಸಭೆಯಲ್ಲಿ ಹಳೆಯ ವ್ಯವಸ್ಥೆಯೇ ಮುಂದುವರಿಯಿತು. ಜನರ ವಿಧಾನಸಭೆ ಬೆಂಗಳೂರಿನಲ್ಲಿ, ಶಾಲೆಯ ಪಠ್ಯ ಕನ್ನಡದಲ್ಲಿ, ಧರ್ಮಾಧ್ಯಕ್ಷರು ಹೈದರಾಬಾದಿನಲ್ಲಿ. ಲ್ಯಾಟಿನ್ ಪೂಜೆಯ ಕಾಲದಲ್ಲಿ ಇದರಿಂದ ದೊಡ್ಡ ತೊಡಕಿರಲಿಲ್ಲ. ವಾಡಿಯಲ್ಲಿ ಕೇಳಿದ ಲ್ಯಾಟಿನ್ನೇ ಸಿಕಂದರಾಬಾದಿನಲ್ಲಿ, ಮಂಗಳೂರಿನಲ್ಲಿ. ಆದರೆ ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆ ಕುರಿತ ಸಂವಿಧಾನವನ್ನು ಹೊರಡಿಸಿ ಜನರ ಭಾಷೆಗೆ ದಾರಿ ತೆರೆಯಿತು. ಆ ಬಳಿಕ ಪೂಜೆ ಯಾವ ಭಾಷೆಯಲ್ಲಿ, ಧರ್ಮೋಪದೇಶದ ಪುಸ್ತಕ ಯಾವ ಭಾಷೆಯಲ್ಲಿ, ಸೆಮಿನರಿಗೆ ಸೇರುವ ಹುಡುಗ ಯಾವ ಭಾಷೆಯಲ್ಲಿ ಪ್ರವಚನ ಕಲಿಯಬೇಕು ಎಂಬ ಪ್ರಶ್ನೆಗಳು ಎದ್ದವು. ಬಹುಪಾಲು ತೆಲುಗಿನಲ್ಲಿ ನಡೆಯುವ ಮಹಾಧರ್ಮಪ್ರಾಂತ್ಯದಲ್ಲಿ ಎರಡು ಕನ್ನಡ ಜಿಲ್ಲೆಗಳು ಅಂಚಿಗೆ ಬೀಳುವುದು ಯಾರ ತಪ್ಪೂ ಅಲ್ಲ, ಆ ಗಡಿಯ ಪರಿಣಾಮ.

ಮಹಾಸಭೆಯೇ ಇದಕ್ಕೆ ಪರಿಹಾರವನ್ನೂ ಸೂಚಿಸಿತ್ತು. ಧರ್ಮಾಧ್ಯಕ್ಷರ ಸೇವೆ ಕುರಿತು 1965ರ ಅಕ್ಟೋಬರ್ 28ರಂದು ಹೊರಬಂದ ಆದೇಶಪತ್ರವು ಧರ್ಮಪ್ರಾಂತ್ಯಗಳ ಗಡಿಗಳನ್ನು ಮರುಪರಿಶೀಲಿಸಬೇಕೆಂದು ಕೇಳಿತು. ಜನರ ಒಗ್ಗಟ್ಟು, ನಾಗರಿಕ ಆಡಳಿತದ ಗಡಿಗಳು ಇವುಗಳನ್ನು ಗಮನಿಸಬೇಕು, ಬೇರೆ ಭಾಷೆಯ ವಿಶ್ವಾಸಿಗಳಿದ್ದರೆ ಅವರ ಭಾಷೆಯಲ್ಲೇ ಪಾಲನೆ ಸಿಗಬೇಕು ಎಂಬುದು ಅದರ ಆಶಯ. ಗುಲ್ಬರ್ಗಾದಲ್ಲಿ ಅದು ಕೈಗೂಡಲು 40 ವರ್ಷ ಬೇಕಾಯಿತು. ನಡುವಿನ ವರ್ಷಗಳಲ್ಲಿ ಕನ್ನಡ ಬಲ್ಲ ಗುರುಗಳು, ಧರ್ಮಭಗಿನಿಯರು ಇಲ್ಲಿಗೆ ಬಂದು ದುಡಿದರು, ಕರಾವಳಿಯಿಂದಲೂ ಬಂದರು.

2005ರಿಂದ ಈಚೆಗೆ

ಹೊಸ ಧರ್ಮಪ್ರಾಂತ್ಯದಿಂದ ಆದ ಬದಲಾವಣೆಯನ್ನು ವಾಡಿಯಿಂದಲೇ ಅಳೆಯಬಹುದು. ಧರ್ಮಾಧ್ಯಕ್ಷರ ಪೀಠ 190 ಕಿಲೊಮೀಟರ್ ದೂರದಿಂದ 40 ಕಿಲೊಮೀಟರಿನೊಳಗೆ ಬಂತು. ಮಹಾಧರ್ಮಪ್ರಾಂತ್ಯದ ಪೀಠವಾದ ಬೆಂಗಳೂರು ಮಾತ್ರ ಹೈದರಾಬಾದಿಗಿಂತ ಬಹಳ ದೂರ. ಆದರೂ ಈ ವ್ಯವಸ್ಥೆಯೇ ಸರಿ ಎನಿಸಿದ್ದು ಭಾಷೆಯ ಕಾರಣದಿಂದ. ಧರ್ಮೋಪದೇಶ, ಪೂಜಾಗ್ರಂಥ, ಯುವಜನರ ಕೂಟ, ಸರ್ಕಾರದೊಡನೆ ವ್ಯವಹಾರ ಎಲ್ಲವೂ ಈಗ ರಾಜ್ಯದ ಉಳಿದ ಧರ್ಮಪ್ರಾಂತ್ಯಗಳ ಜೊತೆಯಲ್ಲಿ ನಡೆಯುತ್ತದೆ. ಶಾಲೆಗಳ ಜೊತೆಗೆ ಸಮಾಜಸೇವೆಗೂ ಧರ್ಮಪ್ರಾಂತ್ಯ ಒತ್ತು ಕೊಟ್ಟಿದೆ. ಬೀದರ್ ಜಿಲ್ಲೆಯ ಹುಮನಾಬಾದಿನ ಆರ್ಬಿಟ್ ಮತ್ತು ಕಲಬುರಗಿಯ ಸೇವಾ ಸಂಗಮ ಈ ಕ್ಷೇತ್ರದಲ್ಲಿ ದುಡಿಯುತ್ತಿವೆ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಸೇರಿದ್ದು ಈ ಪ್ರದೇಶ ಹಿಂದುಳಿದಿದೆ ಎಂಬುದನ್ನು ಒಪ್ಪಿಕೊಂಡಂತೆ. ಧರ್ಮಪ್ರಾಂತ್ಯವೂ ಅದೇ ಜನರ ನಡುವೆ ಇದೆ.

ಗಡಿ ಸರಿಯಾದ ಮಾತ್ರಕ್ಕೆ ಭಾಷೆಯ ಪ್ರಶ್ನೆ ಪೂರ್ತಿ ಮುಗಿಯುವುದಿಲ್ಲ. ಸೇಡಂ, ಚಿಂಚೋಳಿ ಗಡಿಯಲ್ಲಿ ತೆಲುಗು ಮನೆಮಾತಾಗಿರುವವರು ಅನೇಕರು. ತಾಂಡಾದಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಕರಾವಳಿಯಿಂದ ಹೋದ ಗುರುವಿನ ಮನೆಮಾತು ಕೊಂಕಣಿ, ಕಲಿತದ್ದು ಪುಸ್ತಕದ ಕನ್ನಡ. ಕಲಬುರಗಿಯ ಕನ್ನಡ ಅವನ ಕಿವಿಗೆ ಹೊಸದು. 1956ರ ಬಳಿಕ ಕನ್ನಡಿಗರು ತೆಲುಗಿನ ಅಂಚಿನಲ್ಲಿ ಇದ್ದಂತೆ, 2005ರ ಬಳಿಕ ತೆಲುಗರು, ಲಂಬಾಣಿಗರು ಕನ್ನಡದ ಅಂಚಿನಲ್ಲಿ ಇರಬಾರದು. ಈ ಧರ್ಮಪ್ರಾಂತ್ಯ ಹುಟ್ಟಿದ್ದೇ ಜನರ ಮಾತಿನಲ್ಲಿ ಅವರನ್ನು ಪಾಲಿಸಲೆಂದು. ಆದ್ದರಿಂದ ಈ ಎಚ್ಚರ ಅದಕ್ಕೆ ಬೇರೆಯವರಿಗಿಂತ ಹೆಚ್ಚು ಬೇಕು.

ದಾಖಲೆಗಳ ಬಗ್ಗೆ ಒಂದು ಮಾತು

ಧರ್ಮಕೇಂದ್ರಗಳಲ್ಲಿ ದುಡಿಯುವವರಿಗೆ ಇದು ಉಪಯುಕ್ತವಾಗಬಹುದು. ದೀಕ್ಷಾಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳು ಆಯಾ ಧರ್ಮಕೇಂದ್ರದಲ್ಲೇ ಇರಬೇಕೆಂಬುದು ನಿಯಮ. 1917ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಅವುಗಳ ಪ್ರತಿಯನ್ನು ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರ ಕಚೇರಿಗೂ ಕಳುಹಿಸಬೇಕಿತ್ತು. ಆದ್ದರಿಂದ ವಾಡಿ, ಶಹಾಬಾದ್ ಕಡೆಯ ಹಳೆಯ ಕುಟುಂಬದವರು ಅಜ್ಜ-ಮುತ್ತಜ್ಜರ ದಾಖಲೆ ಹುಡುಕುವಾಗ ಮೊದಲು ಸ್ಥಳೀಯ ಧರ್ಮಕೇಂದ್ರದಲ್ಲಿ, ಅಲ್ಲಿ ಸಿಗದಿದ್ದರೆ ಹೈದರಾಬಾದಿನಲ್ಲಿ ವಿಚಾರಿಸಬೇಕು. ವಿಜಯಪುರದವರು ವಿಚಾರಿಸಬೇಕಾದದ್ದು ಬೆಳಗಾವಿಯಲ್ಲಿ, ಇನ್ನೂ ಹಿಂದಿನದಾದರೆ ಪುಣೆಯಲ್ಲಿ.

ಬರೆದಿಡದ ಚರಿತ್ರೆ ಇದಕ್ಕಿಂತ ದೊಡ್ಡದು. ರೈಲ್ವೆ ಕಾಲೊನಿಯ ಮನೆಯಲ್ಲಿ ಪೂಜೆ ನಡೆದದ್ದು, ರೈಲಿನಲ್ಲಿ ಬಂದು ಹೋಗುತ್ತಿದ್ದ ಗುರುಗಳು, ತಾಂಡಾದಲ್ಲಿ ಶಾಲೆ ತೆರೆದ ಸಿಸ್ಟರುಗಳು, ಇವೆಲ್ಲ ಹಿರಿಯರ ನೆನಪಿನಲ್ಲಿವೆ. ಅವರ ಮಕ್ಕಳು ಈಗಾಗಲೇ ಬೆಂಗಳೂರು, ಪುಣೆ ಸೇರಿದ್ದಾರೆ. ಪ್ರತಿ ಧರ್ಮಕೇಂದ್ರದಲ್ಲೂ ಯುವಜನರು ಒಂದು ನೋಟ್ ಪುಸ್ತಕ ಹಿಡಿದು ಹಿರಿಯರ ಮನೆಗಳಿಗೆ ಹೋಗಿ ಇದನ್ನು ಕೇಳಿ ಬರೆದಿಡಬೇಕು. ಹಳೆಯ ಫೋಟೊಗಳ ಹಿಂದೆ ಹೆಸರು, ವರ್ಷ ಬರೆಯಿಸಿಕೊಳ್ಳಬೇಕು.

ಮುಖ್ಯ ಘಟ್ಟಗಳು

1637: ಮತೆಯುಸ್ ದೆ ಕಾಸ್ತ್ರೊ ಅವರಿಗೆ ಆದಿಲಶಾಹಿ ನಾಡಿನ ಹೊಣೆ.
1851: ಹೈದರಾಬಾದ್ ಅಪೊಸ್ತಲಿಕ ವಿಕಾರಿಯೇಟ್.
1874: ವಾಡಿ-ಸಿಕಂದರಾಬಾದ್ ರೈಲು ಮಾರ್ಗ.
1886: ಹೈದರಾಬಾದ್ ಮತ್ತು ಮಂಗಳೂರು ಒಂದೇ ದಿನ ಧರ್ಮಪ್ರಾಂತ್ಯಗಳಾದವು.
1953: ಬೆಂಗಳೂರು, ಹೈದರಾಬಾದ್ ಮಹಾಧರ್ಮಪ್ರಾಂತ್ಯಗಳು; ಬೆಳಗಾವಿ ಧರ್ಮಪ್ರಾಂತ್ಯ.
1956: ಗುಲ್ಬರ್ಗಾ, ಬೀದರ್ ಕನ್ನಡ ರಾಜ್ಯಕ್ಕೆ; ಧರ್ಮಾಡಳಿತ ಹೈದರಾಬಾದಿನಲ್ಲೇ.
2005: ಗುಲ್ಬರ್ಗಾ ಧರ್ಮಪ್ರಾಂತ್ಯದ ಸ್ಥಾಪನೆ.

ನಾಡಿನ ಗಡಿ ಬದಲಾಗಿ 49 ವರ್ಷಗಳ ಬಳಿಕ ಧರ್ಮಸಭೆಯ ಗಡಿ ಬದಲಾಯಿತು. ಅಷ್ಟು ಕಾಲ ಕೈಬೆರಳೆಣಿಕೆಯ ಕುಟುಂಬಗಳು ಒಂದು ಭಾಷೆಯಲ್ಲಿ ಬದುಕಿ, ಇನ್ನೊಂದು ಭಾಷೆಯ ಪೀಠದ ಕಡೆಗೆ ನೋಡುತ್ತಾ ವಿಶ್ವಾಸವನ್ನು ಉಳಿಸಿಕೊಂಡವು. ಕರಾವಳಿಯ ನಮಗೆ ದೇವಾಲಯದ ಗಂಟೆ ಮನೆಯಿಂದಲೇ ಕೇಳಿಸುತ್ತದೆ. ಸೇಡಂ, ಚಿಂಚೋಳಿ ಕಡೆ ಸೇವೆಗೆ ಹೋಗುವ ಗುರುಗಳು, ಸಿಸ್ಟರುಗಳು, ಶಿಕ್ಷಕರು ನಮ್ಮ ಮನೆಗಳಿಂದಲೂ ಹೋದವರೇ. ಅವರನ್ನೂ ಆ ಜನರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ, ಸಾಧ್ಯವಾದರೆ ಒಮ್ಮೆ ಹೋಗಿ ಕಂಡು ಬರೋಣ.